ನೀಲಾಳಿಗೆ ನಾನು ಮಾಡಿಸಿದ ಮದುವೆ

ಸಿಂಚನ, ಮನೋಜ, ಇಬ್ಬರೂ ಕೇಳಿ. ನಿಮ್ಮಜ್ಜಿ ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ ಎಂದು ನಮ್ಮೂರು ಗುರುಪುರಕ್ಕೆಲ್ಲ ಗೊತ್ತು. ಅಂಥ ನಾನು ಬಾಯಿ ಬಿಟ್ಟು ಏನು ಮಾಡಿಕೊಂಡೆ ಎಂಬುದನ್ನು ಬರೆದಿಡುತ್ತಿದ್ದೇನೆ. ಎದುರಿಗೆ ಹೇಳಲು ನಾಚಿಕೆ.

ಸಿಂಚನ, ಮೈಸೂರಿನ ಹಾಸ್ಟೆಲಿಗೆ ಹೊರಡುವಾಗ ನೀನು ಒಂದು ಕಾದಂಬರಿ ಕೊಟ್ಟೆ. "ನಿಧಾನವಾಗಿ ಓದಜ್ಜಿ. ಕೊನೇ ಅಧ್ಯಾಯ ಮಾತ್ರ ಬಿಟ್ಟಿರು, ನಾನು ಬಂದ್ಮೇಲೆ ಜೊತೇಲಿ ಓದೋಣ" ಎಂದೆ. ನಿಧಾನ ತಾನೇ? ಹಳ್ಳಿ ಸ್ಕೂಲಿನಲ್ಲಿ ಓದಿದ ನನಗೆ ಬೇರೆ ಥರ ಓದಲು ಬರುವುದೇ ಇಲ್ಲ!

ಕಾದಂಬರಿಯ ನಾಯಕಿ, ಅಪ್ಪ ತೀರಿಕೊಂಡ ಮೇಲೆ ಮಾತು ಬಿಟ್ಟ ಹದಿನೈದರ ಹುಡುಗಿ ನೀಲಾ. ಕೆರೆ ಏರಿಯ ಮೇಲೆ ಕೂರುತ್ತಾಳೆ. ನೀರು ನೋಡುತ್ತಾಳೆ. ಒಂದು ಅಧ್ಯಾಯ ಪೂರ್ತಿ ಅಪ್ಪನ ಅಂಗಿ ಒಗೆಯುತ್ತಾಳೆ, ಅಷ್ಟೇ. ಆದರೆ ಆ ಸೋಪಿನ ನೊರೆಯನ್ನು ಬರೆದಿದ್ದ ರೀತಿ! ಪುಸ್ತಕ ಮಡಚಿಟ್ಟೆ. ನಿಮ್ಮ ತಾತನ ಒಂದು ಅಂಗಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಒಗೆಯದೆ. ಅಲ್ಲಿಂದ ಮುಂದಕ್ಕೆ, ಬೆಲ್ಲದ ಚೂರನ್ನು ದವಡೆಯಲ್ಲಿಟ್ಟುಕೊಂಡ ಹಾಗೆ, ದಿನಕ್ಕೆ ಎರಡೇ ಪುಟ.

ಅಷ್ಟರಲ್ಲಿ ಹೊಗೆಸೊಪ್ಪು ಮುರಿಯುವ ಕಾಲ ಬಂತು. ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಮುಂದೆ ಹೆಂಗಸರು ಸಾಲಾಗಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕೈನೋವಿನ ನಾನು ಪುಸ್ತಕ ಹಿಡಿದು ಪಕ್ಕದಲ್ಲಿದ್ದೆ. ನೆರೆಮನೆಯ ಕೆಂಪಮ್ಮ ಬಿಡಲಿಲ್ಲ.

"ಅಕ್ಕ, ಒಬ್ರೇ ಓದ್ಕತೀರಲ್ಲ, ನಮ್ಗೂ ಒಸಿ ಹೇಳಿ."

ಅಂಗಿ ಒಗೆಯುವುದನ್ನು ಓದಿದೆ.

"ಆಮ್ಯಾಕೇನಾಯ್ತು?"

"ಒಣಗಾಕಿದ್ಲು."

"ಆಮ್ಯಾಕೆ?"

"ಒಣಗ್ತು ಕಣವ್ವ."

"ಇದೇನಕ್ಕ! ನಮ್ಮನೇಲಿ ದಿನಾ ನಡೆಯೋದೇ ಇದು. ಇದ್ನ ಪುಸ್ತಕ ಬೇರೆ ಮಾಡವ್ರಾ?"

ಒಬ್ಬಳು ಆಕಳಿಸಿದಳು. ಕಟ್ಟುವ ಕೈಗಳು ನಿಧಾನವಾದವು. ಸಂಜೆಯೊಳಗೆ ಸೊಪ್ಪು ಬ್ಯಾರನ್ ಸೇರಬೇಕು. ನಿಮ್ಮಮ್ಮ ಅತ್ತಲಿಂದ ಕೂಗಿದಳು: "ಅತ್ತೆ, ನಿಮ್ ಕತೆ ಕೇಳ್ಕಂಡು ಸೊಪ್ಪು ಇಲ್ಲೇ ಬಾಡೋಯ್ತದೆ!"

ನನಗೆ ಗಾಬರಿ. ಪುಟದ ಮೇಲೆ ಕಣ್ಣಿಟ್ಟುಕೊಂಡೇ ಪುಟದಲ್ಲಿಲ್ಲದ್ದನ್ನು ಓದಿದೆ. ಕೆರೆ ಏರಿಗೆ ಒಂದು ಹಾವು ಬಂತು. ಕೈಗಳು ಚುರುಕಾದವು! ಹಾವಿನ ಹಿಂದೆ ಸೋದರಮಾವ ಬಂದ. ಅವನ ಹಿಂದೆ ಗಂಡಿನ ಕಡೆಯವರು ಬಂದರು. ಕಟ್ಟಿದ ಕಡ್ಡಿಗಳು ರಾಶಿ ಬಿದ್ದವು. ಹೊತ್ತು ಇಳಿಯುವಷ್ಟರಲ್ಲಿ ನೀಲಾಳ ವಿವಾಹ ಸರ್ವಾನುಮತದಿಂದ ನೆರವೇರಿತು. ಗಂಡನ ಮನೆಯಲ್ಲಿ ಅತ್ತೆ ಒಂದು ಮಾತು ಅಂದಳು. ಮಾತು ಬಿಟ್ಟಿದ್ದ ನೀಲಾ ತಿರುಗಿಸಿ ಹತ್ತು ಅಂದಳು.

"ಅಂಗೇಳು ಮಗಳೇ!" ಎಂದು ಕೆಂಪಮ್ಮ ತೊಡೆ ತಟ್ಟಿದಳು.

ಸೊಪ್ಪು ಮುಗಿಯಿತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಜನ್ಮದಲ್ಲಿ ಮೊದಲ ಸಲ! ಮಾರನೆಯ ದಿನವೂ ಓದಿದೆ. ಅದರ ಮಾರನೆಯ ದಿನವೂ.

ಸಿಂಚನ, ಭಾನುವಾರ ನೀನು ಬಂದೆ. ಚೀಲ ಇಳಿಸುವ ಮೊದಲೇ ಕೆಂಪಮ್ಮ ಕೇಳಿದಳು: "ಸಿಂಚನವ್ವ, ಆ ನೀಲಂಗೆ ಗಂಡೋ ಹೆಣ್ಣೋ? ನಿಮ್ಮಜ್ಜಿ ಬಸುರಿತಾವ ನಿಲ್ಸವ್ರೆ!"

ಮನೋಜ, ನೀನು ಬಿದ್ದು ಬಿದ್ದು ನಕ್ಕೆ. ನಿಮ್ಮಕ್ಕ ನಗಲಿಲ್ಲ.

"ಅಜ್ಜಿ, ನೀಲಾ ಮಾತಾಡ್ಬಿಟ್ಲಾ? ಪುಸ್ತಕ ಪೂರ್ತಿ ಸುಮ್ನಿದ್ದು ಕೊನೇಲಿ ಒಂದೇ ಒಂದು ಮಾತಾಡ್ತಾಳೆ. ಅದನ್ನ ಓದುವಾಗ ನಿನ್ ಮುಖ ನೋಡ್ಬೇಕು ಅಂತಿದ್ದೆ. ಅವಳಿಗೂ ಹದಿನೈದಕ್ಕೇ ಮದುವೆ ಮಾಡ್ಸಿದ್ಯಾ?"

ಹದಿನೈದಕ್ಕೇ ಮದುವೆಯಾದ ನನಗೆ ಬೇರೆ ಕತೆ ಎಲ್ಲಿಂದ ಬರಬೇಕು, ಮಗಳೇ? ಹಾಗೆನ್ನಲೂ ಬಾಯಿ ಬರಲಿಲ್ಲ. ಪುಸ್ತಕವನ್ನು ಲೈಬ್ರರಿಗೆ ವಾಪಸ್ ಕೊಡಬೇಕೆಂದು ನೀನು ಚೀಲಕ್ಕೆ ಹಾಕಿಕೊಂಡೆ. "ಆ ಕೊನೇದೊಂದು ಓದಿ ಹೋಗು" ಎನ್ನಲು ಬಸ್ ಬರುವವರೆಗೂ ಬಾಯಿ ತೆರೆದೆ, ಮುಚ್ಚಿದೆ. ಬ್ಯಾರನ್ ಮುಂದೆ ಅಷ್ಟು ಬಾಯಿ ಮಾಡಿದವಳು!

ನೀಲಾ ಆಡಿದ ಆ ಮಾತು ಯಾವುದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕತೆಯ ನಡುವೆ ಹಾವು ಬಿಟ್ಟವಳಿಗೆ ಕೇಳುವ ಮುಖವೂ ಇಲ್ಲ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಮುಂದೆ ಯಾರಿಗಾದರೂ ಓದಿ ಹೇಳಿದರೆ, ಕೇಳುವವರು ಆಕಳಿಸಿದರೂ ಸರಿಯೇ, ಇದ್ದದ್ದನ್ನಷ್ಟೇ ಓದಿ. ಬೇಜಾರಾಯಿತೆಂದು ಈ ವಯಸ್ಸಿನಲ್ಲಿ ನಿಮ್ಮಜ್ಜಿಗೆ ಇನ್ನೊಂದು ಮದುವೆ ಮಾಡಿಸಿಬಿಡಬೇಡಿ!