ಹತ್ತು ಐದಕ್ಕೆ ಮೂರು ಪೆಟ್ಟು

ಪರದೇಶದಲ್ಲಿ ಮನೆ ಮಾಡಿದವರಿಗೆ ದಿನಕ್ಕೊಂದು ಪೇಚು ತಪ್ಪಿದ್ದಲ್ಲ; ನನ್ನ ಅದೃಷ್ಟಕ್ಕೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸವೂ ಇದೆ. ತಿಪಟೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಬಿ.ಎಸ್ಸಿ. ಮುಗಿಸಿ, ಹಾಲ್ಕುರಿಕೆ ಕಡೆಯ ತೋಟದ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಒಂದು ಉದ್ದನೆಯ ಪುಸ್ತಕ ತರಿಸಿದೆ. ಯಾವ ಕೊಯ್ಲಿನ ಕಾಯಿ ಯಾವ ದಿನ ಅಟ್ಟಕ್ಕೇರಿತು, ಯಾವ ದಿನ ಕೊಬ್ಬರಿಯಾಗಿ ಒಳಗೆ ಗುಡುಗುಡು ಅಂದಿತು, ಯಾವ ಹಸು ಯಾವಾಗ ಕರು ಹಾಕಿತು, ಎಲ್ಲವೂ ಅದರಲ್ಲಿದೆ. ಮನೆಯಲ್ಲಿ ತಕರಾರು ಬಂದರೆ ನಮ್ಮ ಮಾವನವರು "ಪುಸ್ತಕ ತೆಗಿಯವ್ವ" ಎನ್ನುತ್ತಿದ್ದರು. ತಕರಾರು ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮ ಯಜಮಾನರು ತುಮಕೂರಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಫೋರ್‌ಮನ್. ವಾರವೆಲ್ಲ ಅಲ್ಲಿ, ಭಾನುವಾರ ಮಾತ್ರ ತೋಟದಲ್ಲಿ. ಹೀಗೇ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಮೇಲೆ ಕಾರ್ಖಾನೆಯವರು ಅವರನ್ನು ಮೂರು ವರ್ಷಕ್ಕೆ ಜರ್ಮನಿಯ ಒಂದು ಸಣ್ಣ ಊರಿಗೆ ಕಳಿಸಿದರು. ತೋಟ, ದನ, ಅಟ್ಟ ಎಲ್ಲವನ್ನೂ ಓರಗಿತ್ತಿಗೆ ಒಪ್ಪಿಸಿ ನಾನೂ ಹೊರಟೆ. ಅಲ್ಲಿ ಸಿಕ್ಕ ಮಹಡಿ ಮನೆ ಒಂದು ವರ್ಷದ ಕರಾರಿನದು. ವರ್ಷ ಮುಗಿದಾಗ ಕೆಳಗಡೆ ಇರುವ ಮನೆಯೊಡತಿ ಇರಿ ಅಂದರೆ ಇರಬೇಕು. ಬೇಡ ಅಂದರೆ ಇವರಿಗೆ ಕಾರ್ಖಾನೆಯ ಒಂಟಿ ಕೋಣೆ, ನನಗೆ ಊರಿನ ವಿಮಾನ. ಮದುವೆಯಾದ ಮೇಲೆ ಮೊದಲ ಸಲ ನಾವಿಬ್ಬರೇ ಒಂದು ಮನೆಯಲ್ಲಿದ್ದೆವು. ಹಾಗಾಗಿ ಆ ಹಿರಿಯಾಕೆಯ ಮನಸ್ಸು ಕೆಡದಂತೆ ನೋಡಿಕೊಳ್ಳುವುದೇ ನನ್ನ ದೊಡ್ಡ ಉದ್ಯೋಗವಾಯಿತು.

ಬೆಂಕಿ ಹತ್ತುವ ಸಾಮಾನು

ಪೇಚು ಶುರುವಾದದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ. ಪೆಟ್ಟಿಗೆಯಲ್ಲಿ ನಮ್ಮ ಅಟ್ಟದ ಹನ್ನೆರಡು ಉಂಡೆ ಕೊಬ್ಬರಿ ಇಟ್ಟಿದ್ದೆ. ಯಂತ್ರದೊಳಗಿಂದ ಪೆಟ್ಟಿಗೆ ಹೊರಬಂದ ಕೂಡಲೇ ತಪಾಸಣೆಯವರು ನನ್ನನ್ನು ಪಕ್ಕಕ್ಕೆ ಕರೆದರು.

"ಕೊಬ್ಬರಿ ತಗೊಂಡು ಹೋಗೋ ಹಾಗಿಲ್ಲಮ್ಮ. ಎಣ್ಣೆ ಪದಾರ್ಥ. ತಾನಾಗೇ ಬೆಂಕಿ ಹತ್ತುತ್ತೆ."

"ಹನ್ನೊಂದು ತಿಂಗಳು ನಮ್ಮ ಅಟ್ಟದ ಮೇಲಿತ್ತು, ಅದರ ಪಕ್ಕದಲ್ಲೇ ಸೌದೆ ಒಲೆ. ಅಲ್ಲಿ ಹತ್ತದ್ದು ಇಲ್ಲಿ ಹತ್ತುತ್ತಾ?" ಎಂದೆ. ಕೊಬ್ಬರಿಯಲ್ಲಿ ತೇವಾಂಶ ಎಷ್ಟಿರುತ್ತದೆ, ಬಿಸಿ ಹೇಗೆ ಏರುತ್ತದೆ ಎಂದು ಸ್ವಲ್ಪ ಗಟ್ಟಿಯಾಗಿಯೇ ವಿವರಿಸಿದೆ. ಹಿಂದೆ ಸಾಲು ಬೆಳೆಯಿತು. ಅವರು ಜಗ್ಗಲಿಲ್ಲ. ಕೊನೆಗೆ ಹನ್ನೆರಡೂ ಉಂಡೆಗಳು ನಮ್ಮನ್ನು ಕಳಿಸಲು ಬಂದಿದ್ದ ಮೈದುನನ ಕೈಗೆ ವಾಪಸಾದವು.

ಪಕ್ಕದಲ್ಲಿದ್ದ ನಮ್ಮ ಯಜಮಾನರು ತಪಾಸಣೆಯವರ ಹತ್ತಿರ ಬಗ್ಗಿ ಹೇಳಿದರು: "ನಮ್ಮ ಮನೇಲಿ ತಾನಾಗೇ ಬೆಂಕಿ ಹತ್ತೋದು ಕೊಬ್ಬರಿ ಅಲ್ಲ ಸಾರ್. ಅದನ್ನ ನೀವು ಆಗ್ಲೇ ಒಳಗೆ ಬಿಟ್ಟಿದ್ದೀರಿ."

ಚಿಪ್ಪು ಯಾವ ಡಬ್ಬಕ್ಕೆ

ಮನೆಯೊಡತಿ ನಿವೃತ್ತ ಗಣಿತದ ಮೇಷ್ಟ್ರು. ಇಂಗ್ಲಿಷು ನನ್ನದರ ಹಾಗೇ ಕಾಲೇಜಿನದು, ನಿಧಾನವಾದದ್ದು. ಮೊದಲ ದಿನವೇ ನಾಲ್ಕು ಪುಟದ ನಿಯಮಾವಳಿ ಕೊಟ್ಟರು. ಒಟ್ಟು ಮೂವತ್ತೊಂದು ನಿಯಮ. ಮಧ್ಯಾಹ್ನ ಒಂದರಿಂದ ಮೂರು ಸದ್ದಿಲ್ಲ. ಭಾನುವಾರ ದಿನವಿಡೀ ಸದ್ದಿಲ್ಲ. ಕಸಕ್ಕೆ ನಾಲ್ಕು ಡಬ್ಬ, ನಾಲ್ಕು ಬಣ್ಣ. ಇವರು ಓದಿ ತಲೆ ಮೇಲೆ ಕೈ ಹೊತ್ತರು. ನನಗೆ ಮಾತ್ರ ಬಹಳ ಮೆಚ್ಚಿಗೆಯಾಗಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಂಡೆ.

ಇಬ್ಬರಿಗೆ ದಿನಕ್ಕೊಂದು ಕಾಯಿಯೇ ಎಂದು ಕೇಳಬೇಡಿ. ತಿಪಟೂರಿನವರನ್ನು ಹಾಗೆ ಕೇಳಬಾರದು. ಒಡೆದ ಕಾಯಿಯ ಚಿಪ್ಪನ್ನು ತರಕಾರಿ ಸಿಪ್ಪೆಯ ಕಂದು ಡಬ್ಬಕ್ಕೆ ಹಾಕಿದೆ. ಕಸದ ಗಾಡಿಯವರು ಡಬ್ಬ ಮುಟ್ಟದೆ ಕೆಂಪು ಚೀಟಿ ಅಂಟಿಸಿ ಹೋದರು. ಮುಂದಿನ ವಾರ ಕಪ್ಪು ಡಬ್ಬಕ್ಕೆ ಹಾಕಿದೆ. ಅದನ್ನು ಮನೆಯೊಡತಿಯೇ ತೆಗೆದು, ಇದು ಗಿಡದ ವಸ್ತು, ಇಲ್ಲಿಗಲ್ಲ ಎಂದರು. ಆಕೆ ನಗರಸಭೆಗೆ ಫೋನು ಮಾಡಿದರು. ಒಬ್ಬರು ಹಣ್ಣು ಎಂದರು, ಇನ್ನೊಬ್ಬರು ಮರ ಎಂದರು, ಮೂರನೆಯವರು ಯೋಚಿಸಿ ಹೇಳುತ್ತೇವೆ ಎಂದರು. ನಾನು ಹಣ್ಣಿನ ಮೂರು ಪದರಗಳ ಚಿತ್ರ ಬರೆದು ಆಕೆಗೆ ಪಾಠ ಮಾಡಿದೆ. ಪಾಠ ಇಬ್ಬರಿಗೂ ಹಿಡಿಸಿತು. ಚಿಪ್ಪು ಮಾತ್ರ ಇದ್ದಲ್ಲೇ ಇತ್ತು.

ಸಂಜೆ ಓರಗಿತ್ತಿಗೆ ಫೋನಿನಲ್ಲಿ ಹೇಳಿಕೊಂಡೆ.

"ಚಿಪ್ಪು ಎಸಿಯಾಕೂ ಒಂದು ಆಫೀಸಾ ಅಕ್ಕ? ಒಲೆಗೆ ಹಾಕ್ಬುಡು ಅತ್ಲಾಗೆ."

"ಇಲ್ಲಿ ಒಲೇನೇ ಇಲ್ಲ ಕಣೇ, ಗಾಜಿನ ಮೇಲೆ ಅಡುಗೆ."

"ಹಂಗಾದ್ರೆ ಇಲ್ಲಿಗೆ ಪಾರ್ಸೆಲ್ ಮಾಡು. ನೀರೊಲೆಗೆ ಆಗ್ತದೆ."

ನಲವತ್ತು ಚಿಪ್ಪು ಮೂಲೆಯಲ್ಲಿ ಪೇರಿಸಿದ ಮೇಲೆ ಒಂದು ದಿನ ಅಂಗಡಿಯಲ್ಲಿ ಕಂಡದ್ದೇನು? ಅರ್ಧ ಚಿಪ್ಪಿನಲ್ಲಿ ಕೊಬ್ಬು, ಕಾಳು ತುಂಬಿ, ದಾರ ಕಟ್ಟಿ, ಹಕ್ಕಿಗಳಿಗೆ ಎಂದು ಮಾರಾಟಕ್ಕಿಟ್ಟಿದ್ದರು. ಆ ಸಂಜೆಯೇ ನಾನೂ ಮನೆಯೊಡತಿಯೂ ಕೂತು ದಾರ ಪೋಣಿಸಿದೆವು. ಆಕೆ ತನ್ನ ಕಿಟಕಿಗಳಿಗೆಲ್ಲ ತೂಗುಹಾಕಿಕೊಂಡು, ಮಿಕ್ಕದ್ದನ್ನು ಬೀದಿಗೆ ಹಂಚಿದರು.

ನಮ್ಮ ಕಡೆ ಕೈಗೆ ಚಿಪ್ಪು ಕೊಟ್ಟರು ಅಂದರೆ ಮೋಸ ಹೋದ ಹಾಗೆ. ಅಲ್ಲಿನ ಹಕ್ಕಿಗಳು ಅದಕ್ಕೇ ಸಾಲುಗಟ್ಟಿ ಕಾಯುತ್ತಿದ್ದವು.

ಬಾಗಿಲು

ಅಲ್ಲಿನ ಬಾಗಿಲು ಎಳೆದರೆ ತಾನೇ ಬೀಗ ಬೀಳುತ್ತದೆ. ಬೆಳಗ್ಗೆ ತೆಗೆದ ಬಾಗಿಲನ್ನು ದೀಪ ಹಚ್ಚಿದ ಮೇಲೂ ಹಾಕದ ಮನೆಯಿಂದ ಹೋದವಳು ನಾನು. ಒಂದು ಮಧ್ಯಾಹ್ನ ಕಾಲೊರಸು ಒದರಲು ಹೊರಗೆ ಬಂದೆ. ಹಿಂದೆ ಟಕ್ ಅಂದಿತು. ಕೈಯಲ್ಲಿ ಕಾಲೊರಸು, ಒಳಗೆ ಬೀಗದ ಕೈ, ಫೋನು ಎಲ್ಲ.

ಇನ್ನೊಂದು ಬೀಗದ ಕೈ ಮನೆಯೊಡತಿಯ ಹತ್ತಿರ ಇತ್ತು. ಮೆಟ್ಟಿಲಿಳಿದು ಗಂಟೆ ಒತ್ತಲು ಕೈ ಎತ್ತಿದೆ. ಗೋಡೆಯ ಗಡಿಯಾರ ಒಂದು ಹದಿನೈದು ತೋರಿಸುತ್ತಿತ್ತು. ನಿಯಮ ಒಂಬತ್ತು: ಒಂದರಿಂದ ಮೂರು ಸದ್ದಿಲ್ಲ. ಕರಾರಿನ ನೆನಪಾಗಿ ಕೈ ಕೆಳಗಿಳಿಸಿ, ಮೆಟ್ಟಿಲ ಮೇಲೆ ಕಾಲೊರಸು ಹಾಸಿಕೊಂಡು ಕೂತೆ.

ಸರಿಯಾಗಿ ಮೂರಕ್ಕೆ ಆಕೆಯ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಒಂದು ಸಣ್ಣ ಹಸಿರು ಪುಸ್ತಕ.

"ನೀವು ಒಂದೂಕಾಲಿನಿಂದ ಇಲ್ಲೇ ಕೂತಿದ್ದೀರಿ. ನನಗೆ ಗೊತ್ತಿತ್ತು."

"ಮತ್ತೆ ಬಾಗಿಲು ತೆಗೀಲಿಲ್ಲವಲ್ಲ ಮೇಡಂ?"

"ನಿಯಮ ನನಗೂ ಅನ್ವಯಿಸುತ್ತದೆ."

ಹಾಳಾದ ಕಾಯಿ

ಅಲ್ಲಿನ ಅಂಗಡಿಯವರು ಕಾಯಿಯನ್ನು ಕಿತ್ತಳೆಯ ಪಕ್ಕ ಇಡುತ್ತಾರೆ. ಯಾರೂ ಅಲುಗಿಸಿ ನೋಡುವುದಿಲ್ಲ. ನಾನು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರೆ ಜನ ತಳ್ಳುಗಾಡಿ ನಿಲ್ಲಿಸಿ ನೋಡುತ್ತಿದ್ದರು. ಒಬ್ಬಾಕೆ ತಾನು ಆರಿಸಿದ ಕಾಯಿಯನ್ನು ಸದ್ದಿಲ್ಲದೆ ತಂದು ನನ್ನ ಕಿವಿಗೆ ಹಿಡಿದಳು. ಬೇಡ ಎಂದು ತಲೆ ಆಡಿಸಿದೆ. ಇಟ್ಟು ಬೇರೆ ತಂದಳು.

ಒಂದು ದಿನ ಒಂದು ಕಾಯಿ ಕಿವಿಯಲ್ಲಿ ಗುಡುಗುಡು ಅಂದಿತು. ನೀರಿನ ಸದ್ದಲ್ಲ, ಉಂಡೆಯ ಸದ್ದು. ಸುಲಿದ ಕಾಯಿ ಹೀಗೆ ಒಣಗಿ ಉಂಡೆಯಾಗುವುದು ಅಪರೂಪ, ಸಾಮಾನ್ಯವಾಗಿ ಕೊಳೆತೇ ಹೋಗುತ್ತದೆ. ಕಾಯಿಯ ಕಣ್ಣಿನ ಹತ್ತಿರ ಮೂಸಿದೆ. ನಮ್ಮ ಅಟ್ಟದ ವಾಸನೆಯೇ. ವಿಮಾನ ನಿಲ್ದಾಣದಲ್ಲಿ ಕಳೆದುಕೊಂಡದ್ದು ಮರಳಿ ಸಿಕ್ಕ ಹಾಗಾಯಿತು.

ಅಂಗಡಿಯ ಹುಡುಗಿ ಓಡಿಬಂದು ಅದನ್ನು ಅಲುಗಿಸಿ ಗಾಬರಿಯಾದಳು. "ಹಾಳಾಗಿದೆ. ಇದನ್ನು ಮಾರುವುದಿಲ್ಲ."

"ನಿಮ್ಮ ಅಂಗಡಿಯಲ್ಲಿ ಚೆನ್ನಾಗಿರುವುದು ಇದೊಂದೇ" ಎಂದೆ.

ನಾನು ಸಿಟ್ಟಿನಿಂದ ಹೇಳಿದೆ ಎಂದುಕೊಂಡು ಅವಳು ಮೂರು ಸಲ ಕ್ಷಮೆ ಕೇಳಿದಳು. ಆ ಕಾಯಿಯನ್ನು ಹಾಗೇ ಕೊಟ್ಟು, ಸಮಾಧಾನಕ್ಕೆ ಮತ್ತೆರಡು ಹಸಿ ಕಾಯಿಯನ್ನೂ ಚೀಲಕ್ಕೆ ಹಾಕಿದಳು. ಹೊರಡುವಾಗ ನಾನು ವಿನಯದಿಂದಲೇ ಕೇಳಿದೆ: "ಮುಂದಿನ ವಾರ ಇನ್ನಾವುದಾದರೂ ಹಾಳಾದರೆ ನನಗೇ ತೆಗೆದಿಡಮ್ಮ."

ಎರಡು ಪುಸ್ತಕ

ಹನ್ನೊಂದನೆಯ ತಿಂಗಳು ಅಂಚೆಯಲ್ಲಿ ಕಾಗದ ಬಂತು. ಬರೆದದ್ದು ಕೆಳಗಿನ ಮನೆಯಿಂದ. ಹದಿನಾರು ಮೆಟ್ಟಿಲು ಹತ್ತುವ ಬದಲು ಆಕೆ ಸ್ಟಾಂಪು ಹಚ್ಚಿದ್ದರು. ಕರಾರು ಮುಂದುವರಿಸುವ ವಿಚಾರ ಮಾತನಾಡಲು ಭಾನುವಾರ ನಾಲ್ಕಕ್ಕೆ ಕಾಫಿಗೆ ಬನ್ನಿ ಎಂದಿತ್ತು. ಜೊತೆಗೆ ಮೂರು ಹಾಳೆ: ನಮ್ಮ ಮನೆಯ ಸದ್ದುಗಳ ದಾಖಲೆ. ಹಸಿರು ಪುಸ್ತಕದ್ದು ಎಂದು ನೋಡಿದೊಡನೆ ತಿಳಿಯಿತು.

ದಿನ, ವೇಳೆ, ಸದ್ದಿನ ಬಗೆ, ಅವಧಿ. ಮೊದಲು ಕೋಪ ಬಂತು. ಆಮೇಲೆ ನೋಡುತ್ತೇನೆ, ನನ್ನ ಪುಸ್ತಕದಲ್ಲಿ ಅವಧಿಯ ಕಾಲಮ್ಮೇ ಇಲ್ಲ. ಬಿ.ಎಸ್ಸಿ. ಓದಿದವಳಿಗೆ ನಾಚಿಕೆಯಾಯಿತು.

"ನಿನ್ನಂಥವಳು ಇನ್ನೊಬ್ಬಳು ಈ ಭೂಮಿ ಮೇಲೆ ಇದಾಳೆ ಅಂತ ನಂಗೊತ್ತಿರಲಿಲ್ಲ ಕಣೇ. ಅವಳ ಮನೆ ಮೇಲೇ ಬಾಡಿಗೆಗೆ ಬಂದ್ವಲ್ಲ" ಎಂದರು ಇವರು. ಆದರೆ ಆ ದಿನ ಎರಡನೆಯ ಮುದ್ದೆ ಮುಟ್ಟಲಿಲ್ಲ.

ಭಾನುವಾರ ನಾನೂ ನನ್ನ ಪುಸ್ತಕ ಹಿಡಿದುಕೊಂಡೇ ಇಳಿದೆ. ಆಕೆ ಕನ್ನಡಕ ಏರಿಸಿ ಓದಿದರು: "ಮಂಗಳವಾರ, ಹತ್ತು ಐದು, ಮೂರು ಪೆಟ್ಟು."

ನಾನು ನನ್ನ ಪುಟ ತೆಗೆದೆ. "ಮಂಗಳವಾರ, ಹತ್ತು ಐದು, ಕಾಯಿ ಒಡೆದೆ. ಮೂರು ಪೆಟ್ಟು. ನೀರು ಸಿಹಿ. ಹುರುಳಿ ಸಾರು."

"ಬುಧವಾರ, ಹತ್ತು ಆರು."

"ಹತ್ತು ಐದು."

ಇಬ್ಬರೂ ಗಡಿಯಾರ ತಾಳೆ ನೋಡಿಕೊಂಡೆವು. ಮಂಗಳವಾರ ಸರಿಯಿದ್ದ ನನ್ನದು ಆಮೇಲೆ ಒಂದು ನಿಮಿಷ ಹಿಂದೆ ಬಿದ್ದಿತ್ತು. ಒಪ್ಪಿಕೊಂಡೆ. ವಾರದ ದಿನಗಳಲ್ಲಿ ಅದಕ್ಕೆ ಅನುಮತಿ ಇದೆ ಎಂದು ಆಕೆಯೂ ಒಪ್ಪಿದರು. ಆಮೇಲೆ ಕೆಂಪು ಶಾಯಿಯ ಸಾಲುಗಳಿಗೆ ಬಂದರು.

"ಭಾನುವಾರ. ಬೆಳಗ್ಗೆ ಹತ್ತು ಗಂಟೆಗೆ ಸಣ್ಣ ಪೆಟ್ಟುಗಳು, ಟಕ್ ಟಕ್ ಟಕ್, ಹತ್ತು ನಿಮಿಷ. ಮುಂದಿನ ಭಾನುವಾರವೂ ಅದೇ. ಇದು ಕ್ಷಮಿಸುವಂಥದ್ದಲ್ಲ."

"ಭಾನುವಾರದ ಕಾಯಿ ನಾನು ಶನಿವಾರವೇ ಒಡೆದಿಡುತ್ತೇನೆ ಮೇಡಂ. ಇಲ್ಲಿ ನೋಡಿ, ಆ ಎರಡನೆಯ ಭಾನುವಾರ ನಾವು ಊರಲ್ಲೇ ಇರಲಿಲ್ಲ. ಇಡೀ ದಿನ ಕೆರೆಯ ಹತ್ತಿರ. ಇವರ ಒಂದು ಚಪ್ಪಲಿ ನೀರಿಗೆ ಬಿತ್ತು, ಬರೆದಿದೆ."

"ಹಾಗಾದರೆ ನಿಮ್ಮ ಮನೆಯಲ್ಲಿ ಹೊಡೆದದ್ದು ಯಾರು?"

ಅಷ್ಟರಲ್ಲಿ ಟಕ್ ಟಕ್ ಟಕ್ ಎಂದು ಕೇಳಿಸಿತು.

ಆಕೆ ಥಟ್ಟನೆ ಸೂರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಎರಡೂ ಕೈ ಮೇಜಿನ ಮೇಲಿಟ್ಟೆ. ನಮ್ಮ ಯಜಮಾನರೂ ಕಾಫಿ ಬಟ್ಟಲು ಇಳಿಸಿ ಕೈ ತೋರಿಸಿದರು. ಸದ್ದು ನಿಲ್ಲಲಿಲ್ಲ. ಮೂವರೂ ಎದ್ದು ಪಕ್ಕದ ಕಿಟಕಿಗೆ ಹೋದೆವು. ಅಲ್ಲಿ ನನ್ನದೇ ಚಿಪ್ಪಿನೊಳಗೆ ತಲೆ ಹಾಕಿ ಒಂದು ಹಳದಿ ಹೊಟ್ಟೆಯ ಹಕ್ಕಿ ಕುಕ್ಕುತ್ತಿತ್ತು. ಕುಕ್ಕಿದಾಗಲೆಲ್ಲ ಚಿಪ್ಪು ಮರದ ಕಿಟಕಿಬಾಗಿಲಿಗೆ ಬಡಿಯುತ್ತಿತ್ತು. ವಾರದ ದಿನ ಬೀದಿಯ ಗದ್ದಲದಲ್ಲಿ ಕೇಳದ್ದು ಭಾನುವಾರ ಕೇಳಿಸುತ್ತಿತ್ತು. ಇಷ್ಟು ದಿನ ಆಕೆ ನೋಡಿದ್ದು ಸೂರಿನ ಕಡೆ ಮಾತ್ರ.

ಆಕೆ ಹಸಿರು ಪುಸ್ತಕ ತೆಗೆದು, ಗಡಿಯಾರ ನೋಡಿ, ಬರೆದುಕೊಂಡರು: "ಭಾನುವಾರ, ನಾಲ್ಕು ಇಪ್ಪತ್ತು. ಹಕ್ಕಿ. ನಿಯಮ ಓದಿಲ್ಲ."

ಮೂವತ್ತೆರಡನೆಯ ನಿಯಮ

ತಪ್ಪು ಹಕ್ಕಿಯದೇ ಆದರೂ ಗಣಿತದ ಮೇಷ್ಟ್ರಿಗೆ ಲೆಕ್ಕ ತಪ್ಪಿದ ಮುಜುಗರ. "ನಿರ್ಧಾರ ಹತ್ತು ದಿನದಲ್ಲಿ ತಿಳಿಸುತ್ತೇನೆ" ಎಂದು ಬಿಗುವಾಗಿ ಹೇಳಿ ಬಾಗಿಲು ಹಾಕಿಕೊಂಡರು.

ನನಗೆ ಧೈರ್ಯ ಸಾಲಲಿಲ್ಲ. ಮಂಗಳವಾರದಿಂದ ಕಾಯಿ ಒಡೆಯುವುದನ್ನೇ ನಿಲ್ಲಿಸಿ ಅಂಗಡಿಯಿಂದ ತುರಿದ ಕಾಯಿಯ ಪೊಟ್ಟಣ ತಂದೆ. ಮರದ ಹೊಟ್ಟಿನಂಥದ್ದು. ಅದರಲ್ಲಿ ಮಾಡಿದ ಸಾರು ಉಂಡು ಇವರು "ಚೆನ್ನಾಗೈತೆ ಕಣೇ" ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಆಡದ ಮಾತು. ನನಗಿಂತ ಇವರಿಗೇ ಹೆಚ್ಚು ಹೆದರಿಕೆಯಾಗಿದೆ ಎಂದು ಆಗ ಗೊತ್ತಾಯಿತು.

ಓರಗಿತ್ತಿಗೆ ಹೇಳಿದರೆ ಅವಳು, "ಬಂದ್ಬುಡು ಅಕ್ಕ, ಇಲ್ಲಿ ದಿನಕ್ಕೆ ಸಾವ್ರ ಒಡದ್ರೂ ಕೇಳೋರಿಲ್ಲ" ಎಂದಳು. ಪೆಟ್ಟಿಗೆ ಇಳಿಸಿ ದೂಳು ಒರೆಸಿಟ್ಟೆ.

ಐದನೆಯ ದಿನ ಬೆಳಗ್ಗೆ ಬಾಗಿಲ ಗಂಟೆ ಸದ್ದಾಯಿತು. ಶನಿವಾರವಾದ್ದರಿಂದ ಇವರೂ ಮನೆಯಲ್ಲಿದ್ದರು. ಬಾಗಿಲಲ್ಲಿ ಮನೆಯೊಡತಿ. ಅಂಚೆಯನ್ನು ನಂಬದೆ ಹದಿನಾರು ಮೆಟ್ಟಿಲು ತಾವೇ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಕಂಕುಳಲ್ಲಿ ಹಸಿರು ಪುಸ್ತಕ, ಕೈಯಲ್ಲಿ ಒಂದು ಲಕೋಟೆ.

"ನಿಮಗೆ ಮೈ ಹುಷಾರಿಲ್ಲವೇ?"

"ಚೆನ್ನಾಗಿದ್ದೀನಿ ಮೇಡಂ. ಯಾಕೆ?"

ಆಕೆ ಪುಸ್ತಕ ಬಿಡಿಸಿ ತೋರಿಸಿದರು. ನಾಲ್ಕು ದಿನದ ಸಾಲುಗಳು ಖಾಲಿ.

"ನಾಲ್ಕು ದಿನದಿಂದ ನನ್ನ ರಕ್ತದೊತ್ತಡದ ಮಾತ್ರೆ ಮರೆತುಹೋಗುತ್ತಿದೆ" ಎಂದರು, ತಪ್ಪು ನನ್ನದೇ ಎನ್ನುವ ಧಾಟಿಯಲ್ಲಿ. "ಹತ್ತು ಗಂಟೆಗೆ ತೆಗೆದುಕೊಳ್ಳಬೇಕು. ನಿಮ್ಮ ಮೂರು ಪೆಟ್ಟು ಕೇಳಿದಾಗ ತೆಗೆದುಕೊಳ್ಳುತ್ತಿದ್ದೆ. ಹೋದ ವಾರ ಡಾಕ್ಟರು ನೋಡಿ, ಈ ವರ್ಷ ಎಷ್ಟು ನಿಯಮಿತವಾಗಿ ನುಂಗಿದ್ದೀರಿ ಎಂದು ಹೊಗಳಿದ್ದರು."

ಲಕೋಟೆಯಲ್ಲಿ ಇನ್ನೆರಡು ವರ್ಷದ ಕರಾರು ಇತ್ತು. ಸಹಿ ಆಗಿತ್ತು. ಅದಕ್ಕೆ ಸೇರಿಸಿದ ನಿಯಮಾವಳಿ ಈ ಸಲ ಐದು ಪುಟ. ಐದನೆಯದರಲ್ಲಿ ಒಂದೇ ಸಾಲು. ನಾನು ಇವರಿಗೆ ಕನ್ನಡದಲ್ಲಿ ಓದಿ ಹೇಳಿದೆ: "ನಿಯಮ ಮೂವತ್ತೆರಡು. ಭಾನುವಾರ ಬಿಟ್ಟು ಪ್ರತಿದಿನ ಬೆಳಗ್ಗೆ ಹತ್ತು ಐದಕ್ಕೆ ಮಹಡಿಯವರು ತಪ್ಪದೆ ತೆಂಗಿನಕಾಯಿ ಒಡೆಯತಕ್ಕದ್ದು."

ಗಡಿಯಾರದಲ್ಲಿ ಹತ್ತು ನಾಲ್ಕು. ಇವರು ಹೋಗಿ ಕಾಯಿ, ಸುತ್ತಿಗೆ ತಂದು ನನ್ನ ಮುಂದಿಟ್ಟರು. ಮೂರು ಪೆಟ್ಟು ಹಾಕಿದೆ. ಮನೆಯೊಡತಿ ನಿಂತಲ್ಲೇ ಜೇಬಿನಿಂದ ಮಾತ್ರೆ ತೆಗೆದು, ನಾನು ಬಟ್ಟಲಿಗೆ ಬಗ್ಗಿಸಿ ಕೊಟ್ಟ, ಎಳನೀರಿನಷ್ಟೇ ಸಿಹಿಯಾದ ಕಾಯಿನೀರಿನಲ್ಲಿ ನುಂಗಿದರು.

ಮೆಟ್ಟಿಲಿಳಿಯುತ್ತಿದ್ದವರನ್ನು ನಮ್ಮ ಯಜಮಾನರು ತಡೆದು ಕೇಳಿದರು: "ಅಲ್ಲ ಮೇಡಂ, ಭಾನುವಾರದ ಮಾತ್ರೆಗೆ ಏನು ಮಾಡ್ತೀರಿ?"

ಆಕೆ ತಿರುಗಿಯೂ ನೋಡಲಿಲ್ಲ. "ಭಾನುವಾರಕ್ಕೆ ಹಕ್ಕಿ ಇದೆ."