ದರ್ಜಿ ಕಟ್ಟಿದ ರಟ್ಟಿನ ಮನೆ

ದರ್ಜಿಯ ಬಾಯಿ ಅವನ ಕತ್ತರಿಗಿಂತ ಒಂದು ಗೇಣು ಮುಂದೆ ಓಡುತ್ತಿತ್ತು. ಆ ದಿನದ ರಂಪಕ್ಕೆಲ್ಲ ಅದೇ ಮೂಲ. ಮಗಳ ಶಾಲೆಯಲ್ಲಿ ಹೆತ್ತವರಿಗೆ ರಟ್ಟಿನ ಮನೆ ಮಾಡುವುದನ್ನು ಕಲಿಸಿ, ಚೆಂದದ್ದಕ್ಕೆ ಬಹುಮಾನ ಕೊಡುತ್ತಾರೆಂದು ಕೇಳಿದ್ದೇ ತಡ, "ಬಟ್ಟೆ ಆದ್ರೇನು, ರಟ್ಟಾದ್ರೇನು ಪುಟ್ಟಿ? ಕತ್ತರಿಸೋದು, ಸೇರಿಸೋದು. ಅದ್ರಲ್ಲಿ ನಿಮ್ಮಪ್ಪನ್ನ ಮೀರಿಸೋರು ಯಾರಿದಾರೆ?" ಎಂದುಬಿಟ್ಟ. ಪುಟ್ಟಿ ಆ ಮಾತನ್ನು ಇಡೀ ತರಗತಿಗೆ ಮಿಠಾಯಿಯಂತೆ ಹಂಚಿ ಬಂದಳು.

ಆ ದಿನ ಬೆಳಿಗ್ಗೆ ಕರಕುಶಲದ ಟೀಚರು ನಿಧಾನವಾಗಿ ತೋರಿಸಿಕೊಟ್ಟರು. ಮಡಿಸುವ ಕಡೆ ರಟ್ಟಿನ ಮೇಲ್ಪದರವನ್ನಷ್ಟೇ ಗೀರಬೇಕು. ಗೋಡೆಗೆ ಗೋಡೆ ಕೂಡಿಸಲು ಎರಡನ್ನೂ ಅರ್ಧದವರೆಗೆ ಸೀಳಿ ಒಂದರೊಳಗೊಂದು ಇಳಿಸಬೇಕು. ಸೀಳು ರಟ್ಟಿನ ದಪ್ಪಕ್ಕಿಂತ ಕೂದಲೆಳೆಯಷ್ಟೂ ಅಗಲವಿರಬಾರದು.

ದರ್ಜಿ ಆಗಲೇ ಬಹುಮಾನದ ಕನಸಿನಲ್ಲಿ ಏಳು ಸಮುದ್ರ ದಾಟಿದ್ದ. ಕೈ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. "ಹೊಲಿಗೆಗೆ ಇರ್ಲಿ" ಎಂದು ಗೋಡೆಗಳ ಅಂಚಿಗೆಲ್ಲ ಬೆರಳಗಲ ಹೆಚ್ಚು ಬಿಟ್ಟ. ಸೀಳುಗಳನ್ನು ಅಂಗಿಯ ಕಾಜದಂತೆ ಸಡಿಲವಾಗಿ ಕತ್ತರಿಸಿದ. ಗೋಡೆಗಳು ನಿದ್ದೆಗೆಟ್ಟ ಕಾವಲುಗಾರರಂತೆ ತೂಕಡಿಸಿದವು.

"ಏನಣ್ಣ, ನಿಮ್ಮನೆ ನಂಗ್ಯಾಕೆ ನಮಸ್ಕಾರ ಮಾಡ್ತಿದೆ?" ಎಂದ ಪಕ್ಕದ ಮೇಜಿನ ಕ್ಷೌರಿಕ. ಇಬ್ಬರ ಅಂಗಡಿಗಳೂ ಅಕ್ಕಪಕ್ಕ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸುವುದು ಇಬ್ಬರಿಗೂ ಅಭ್ಯಾಸ.

"ಅಂಟು ಸುರೀರಿ, ಎಲ್ಲ ಸರಿಹೋಗತ್ತೆ" ಎಂದಳು ಎದುರು ಮೇಜಿನ ಬೇಕರಿಯಕ್ಕ.

ಸುರಿದ. ರಟ್ಟು ಹಾಲಿನಲ್ಲದ್ದಿದ ಬ್ರೆಡ್ಡಾಯಿತು. ಕ್ಷೌರಿಕ ಉಪಕಾರಕ್ಕೆಂದು ಬಗ್ಗಿ ಉಫ್ ಎಂದು ಊದಿದ. ಛಾವಣಿ ಹಾರಿ ಬೇಕರಿಯಕ್ಕನ ಮಡಿಲು ಸೇರಿತು. ಕೊನೆಗೆ ದರ್ಜಿ ಜೇಬಿನಿಂದ ಸೂಜಿದಾರ ತೆಗೆದು ಮೂಲೆಯನ್ನು ಹೊಲಿದೇಬಿಟ್ಟ. ಸೂಜಿಯ ತೂತುಗಳ ಗುಂಟ ಮುಂದಿನ ಗೋಡೆ ಅಂಚೆಚೀಟಿಯಂತೆ ಅಚ್ಚುಕಟ್ಟಾಗಿ ಹರಿದು ಬಂತು.

ಅಷ್ಟರಲ್ಲಿ ಹೆಡ್‌ಮಿಸ್ಸು ಒಂದೊಂದೇ ಮೇಜು ನೋಡುತ್ತ ಬಂದರು. ಬಾಗಿಲಲ್ಲಿ ಪುಟ್ಟಿ, ಅವಳ ಹಿಂದೆ ಗೆಳತಿಯರ ದಂಡು. ದರ್ಜಿ ಮೇಜಿನಡಿ ತೂರಿಕೊಳ್ಳಲು ಜಾಗವಿದೆಯೇ ಎಂದು ಕಣ್ಣಲ್ಲೇ ಅಳೆದ.

"ಪಾಳುಮನೆ ಅಂದ್ಬಿಡಣ್ಣ" ಎಂದು ಕ್ಷೌರಿಕ ಪಿಸುಗುಟ್ಟಿದ.

"ಪಾಳುಮನೆ ಮೇಡಂ" ಎಂದ ದರ್ಜಿ, ನೆಲ ನೋಡುತ್ತ.

ಹೆಡ್‌ಮಿಸ್ಸು ಕನ್ನಡಕ ಒರೆಸಿಕೊಂಡು ಬಗ್ಗಿದರು. "ಎಲ್ರೂ ಡಬ್ಬಿ ಮಾಡಿ ಬಾಗಿಲು ಕೊರೆದಿದಾರೆ. ಇದ್ರಲ್ಲಿ ಒಂದು ಕತೆ ಇದೆ ನೋಡಿ. ಬಹುಮಾನ ಇದಕ್ಕೇ." ಪುಟ್ಟಿಯ ಮುಖ ಅರಳಿತು. ಹೆಡ್‌ಮಿಸ್ಸು ದರ್ಜಿಯತ್ತ ತಿರುಗಿದರು. "ಈ ಥರ ವಾಲಿಸೋ ವಿದ್ಯೆ ನಮಗೂ ಕಲಿಸಿ. ಒಂದು ಮೂಲೆ ಮಾಡಿ ತೋರಿಸಿದ್ರೆ ಸಾಕು."

ಎಲ್ಲರೂ ಸುತ್ತ ನೆರೆದರು. ಸೊಟ್ಟಗೆ ಮಾಡಬೇಕು, ಅಷ್ಟೇ ತಾನೆ? ಬೆಳಗಿನಿಂದ ಮಾಡಿದ್ದು ಅದನ್ನೇ. ಆದರೆ ಅಷ್ಟು ಹೊತ್ತು ಪೆಟ್ಟು ತಿಂದ ಕೈ ಯಾವ ಮಾಯದಲ್ಲೋ ಪಾಠ ಕಲಿತುಬಿಟ್ಟಿತ್ತು. ಹೊಲಿಗೆಗೆಂದು ಅಂಚು ಬಿಡಲಿಲ್ಲ. ಸೀಳು ರಟ್ಟಿನ ದಪ್ಪದಷ್ಟೇ ಬಂತು. ಗೋಡೆಗೆ ಗೋಡೆ ಟಕ್ಕೆಂದು ಕೂತಿತು. ದರ್ಜಿ ಗುಟ್ಟಾಗಿ ಮೊಣಕೈಯಿಂದ ತಿವಿದ. ಅಲುಗಲಿಲ್ಲ.

"ಬೀಳೇ ಮಹರಾಯಿತಿ" ಎಂದು ಗೊಣಗಿ ಇನ್ನೊಂದು ಮಾಡಿದ. ಅದು ಮೊದಲಿನದಕ್ಕಿಂತ ನೆಟ್ಟಗೆ ನಿಂತಿತು.

ಹೆಡ್‌ಮಿಸ್ಸಿನ ದನಿ ತಣ್ಣಗಾಯಿತು. "ನಿಮಗೆ ನೆಟ್ಟಗೆ ಮಾಡೋದು ಬಿಟ್ರೆ ಬೇರೆ ಬರಲ್ವಲ್ಲ. ಹಾಗಾದ್ರೆ ಆ ಪಾಳುಮನೆ ಯಾರ ಕೆಲಸ?"

ಕ್ಷೌರಿಕ ಗಂಟಲು ಸರಿಮಾಡಿಕೊಂಡ. "ಹೇಳ್ಬಾರ್ದು ಅಂತಿದ್ದೆ ಮೇಡಂ. ಛಾವಣಿ ಹಾರಿಸಿದ್ದು ನಾನು. ಪಾಳುಮನೆ ಅನ್ನೋ ಯೋಚನೇನೂ ನಂದೇ."

"ಹೌದು, ನನ್ ಮಡಿಲಿಗೇ ಬಿತ್ತು" ಎಂದು ಬೇಕರಿಯಕ್ಕ ಸಾಕ್ಷಿ ನುಡಿದಳು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಹುಮಾನ ಕ್ಷೌರಿಕನ ಕೈಸೇರಿತು. ಪುಟ್ಟಿಯ ಗೆಳತಿಯರು ಒಬ್ಬೊಬ್ಬರಾಗಿ ಕರಗಿದರು.

ಮನೆಯ ದಾರಿಯಲ್ಲಿ ತಲೆಯೆತ್ತದೆ ನಡೆಯುತ್ತಿದ್ದ ಅಪ್ಪನ ಬೆರಳನ್ನು ಪುಟ್ಟಿ ಮೆಲ್ಲಗೆ ಹಿಡಿದುಕೊಂಡಳು.

"ಹೋಗ್ಲಿ ಬಿಡಪ್ಪ. ಬೀಳೋ ಮನೆ ಕಟ್ಟೋದು ಎಲ್ರಿಗೂ ಬರತ್ತಾ? ನಾಳೆಯಿಂದ ಆ ಮಾಮನ ಹತ್ರ ಹೋಗಿ ಕಲ್ತ್ಕೋ."