ಆ ಬೆನ್ನು ಯಾರದು?

ವೆಲಿಚ್ಕಾ: ಬೆಳಕಂತೆ ಬೆಳಕು! ಊರಿಗೆಲ್ಲ ಕಾಣ್ತಿರೋದು ಬೆನ್ನು ಕಣೋ, ಬೆನ್ನು! ಬೆನ್ನು ಅಂತ ನಾನು ಮರ್ಯಾದೆಗೆ ಹೇಳ್ತಿದೀನಿ. ಅದರ ಕೆಳಗೂ ಬೇಕಾದಷ್ಟು ಕಾಣತ್ತೆ.

ಕಲೋಯಾನ್: ನಾನು ತೆಗೆದ ಪಟದ ಮುಕ್ಕಾಲು ಭಾಗ ಆಕಾಶ, ವೆಲಿಚ್ಕಾ. ಆಕಾಶದ ನಡುವೆ ದುಂಡಗೆ ಒಂದು ಬೆಳಕು. ಸೂರ್ಯ ಅಲ್ಲ, ಚಂದ್ರ ಅಲ್ಲ, ವಿಮಾನ ಅಲ್ಲ. ಏನದು ಅಂತ ಒಬ್ಬರಾದ್ರೂ ಕೇಳಿದ್ರಾ? ಎಲ್ಲರ ಕಣ್ಣೂ ಕೆಳಗೆ ಮೂಲೇಲಿರೋ ಅಂಗೈ ಅಗಲದ ಮನುಷ್ಯನ ಮೇಲೆ.

ವೆಲಿಚ್ಕಾ: ಅಂಗೈ ಅಗಲ ಇದ್ರೂ ಬತ್ತಲೆ ಬತ್ತಲೆಯೇ.

ಕಲೋಯಾನ್: ಅದು ಕಲೆ!

ವೆಲಿಚ್ಕಾ: ಬಟ್ಟೆ ಇಲ್ಲದ ಗಂಡಸು ಕಲೆ ಆಗ್ಬೇಕಾದ್ರೆ ಅಮೃತಶಿಲೆಯಲ್ಲಿರಬೇಕು. ಇಲ್ಲಾಂದ್ರೆ ಅವನು ಬರೀ ಬಟ್ಟೆ ಇಲ್ಲದ ಗಂಡಸು.

ನನ್ನ ಕ್ಷೌರದಂಗಡಿಗೂ ಕಲೋಯಾನನ ಸ್ಟುಡಿಯೋಗೂ ನಡುವೆ ಇರುವುದು ಸಂದು ಬಿಟ್ಟ ಒಂದು ಹಲಗೆಯ ಗೋಡೆ. ಆ ಗೋಡೆಯ ದಯೆಯಿಂದ ಈ ಸಂಸಾರದ ಮಾತೆಲ್ಲ ನನ್ನ ಗಿರಾಕಿಗಳಿಗೆ ಪುಕ್ಕಟೆ. ಡ್ಯಾನ್ಯೂಬ್ ದಂಡೆಯ ನಮ್ಮೂರಿನಲ್ಲಿ ಪಾಸ್‌ಪೋರ್ಟಿಗೆ ಬೇಕಾದ ಮುಖಗಳನ್ನೆಲ್ಲ ಹಿಡಿದವನು ಕಲೋಯಾನ್. ಅವನ ಹೆಂಡತಿ ವೆಲಿಚ್ಕಾ, ಊರಿನ ಅರ್ಧ ಜನಕ್ಕೆ ಭೂಗೋಳ ಕಲಿಸಿ ನಿವೃತ್ತಳಾದವಳು. ಆ ಸೆಪ್ಟೆಂಬರಿನಲ್ಲಿ ಸ್ಟುಡಿಯೋದ ಮೂಲೆಯಲ್ಲಿ ಕೂತು, ಸುಟ್ಟ ಕೆಂಪು ಮೆಣಸಿನಕಾಯಿಗಳ ಸಿಪ್ಪೆ ಸುಲಿಯುತ್ತ, ಗಂಡನ ಸಿಪ್ಪೆಯನ್ನೂ ಸುಲಿಯುತ್ತಿದ್ದಳು.

ಜಗಳದ ಮೂಲ ಊರ ಸಾಂಸ್ಕೃತಿಕ ಭವನದ ಪ್ರದರ್ಶನದಲ್ಲಿ ತೂಗುತ್ತಿತ್ತು. ಕಲೋಯಾನ್ ಹಿಂದಿನ ಮಾರ್ಚಿನಲ್ಲಿ ಬೆಳಗಿನ ಜಾವ ಹಿಡಿದ ಪಟ, ಬಾಗಿಲಿನಷ್ಟು ದೊಡ್ಡದು. ಮೇಲೆ ಆ ಬೆಳಕು. ಕೆಳಗೆ ನದಿಗಿಳಿಯುತ್ತಿರುವ ಬತ್ತಲೆ ಗಂಡಸಿನ ಬೆನ್ನು, ಬೆನ್ನ ತುಂಬ ದುಂಡನೆಯ ಕೆಂಪು ಗುರುತುಗಳು. ಮಹಿಳಾ ಸಂಘದವರು ಅದನ್ನು ತೆಗೆಸಿ ಎಂದರು. ಭವನದ ನಿರ್ದೇಶಕಿ ತೆಗೆಯಲಾರದೆ, ಬಿಡಲಾರದೆ, ಬೆನ್ನಿನ ಮುಂದೆ ಒಂದು ರಬ್ಬರ್ ಗಿಡದ ಕುಂಡ ತಂದಿಟ್ಟಳು. ಅಂದಿನಿಂದ ಪ್ರದರ್ಶನಕ್ಕೆ ಬಂದವರೆಲ್ಲ ಎಲೆ ಸರಿಸಿ ನೋಡತೊಡಗಿದರು. ಮಹಿಳಾ ಸಂಘದವರು ಎರಡನೆಯ ಸಲ ಬಂದು, ಗಿಡ ತೆಗೆಸಿ ಎಂದರು.

ಅಷ್ಟರಲ್ಲಿ ಚುನಾವಣೆ ಬಂತು. ಎದುರು ಪಕ್ಷದಿಂದ ನಿಂತಿದ್ದ ಔಷಧಿ ಅಂಗಡಿಯ ರುಸಾಲಿಯಾ ಅದೇ ಬೆನ್ನನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ, ಕೆಳಗೆ ಒಂದೇ ಸಾಲು ಬರೆಸಿದಳು: ‘ನಮ್ಮ ಮೇಯರ್ ಊರಿಗೆ ತೋರಿಸಿದ್ದು ಇದನ್ನೇ.’

ಕಲೋಯಾನ್: ನೀನೂ ಅದನ್ನೇ ನಂಬ್ತೀಯಾ? ಆ ಬೆನ್ನು ಮೇಯರ್ ಗಂಚೊಂದು ಅಂತ?

ವೆಲಿಚ್ಕಾ: ನಾನು ಕಂಡ ಹಾಗೆ ಅದು ಗಂಚೊಂದೇ. ಶಾಲೇಲಿ ಅವನನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸ್ತಿದ್ದೆ. ಆ ಬೆನ್ನು ನೋಡಿ ನೋಡಿ ಸಾಕಾಗಿದೆ ನಂಗೆ.

ಕಲೋಯಾನ್: ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ಬೆನ್ನು ಗುರುತು ಹಿಡಿಯಕ್ಕೆ ಬರಲ್ವಲ್ಲ ನಿಂಗೆ!

ವೆಲಿಚ್ಕಾ: ಯಾಕೆ, ನಮ್ಮ ಮದುವೆಗೂ ಆ ಬೆನ್ನಿಗೂ ಏನು ಸಂಬಂಧ?

ಕಲೋಯಾನ್ ಲೆನ್ಸ್ ಒರೆಸತೊಡಗಿದ. ಆಗ ಬಾಗಿಲು ದಡಾರನೆ ತೆರೆದುಕೊಂಡು ಮೇಯರ್ ಗಂಚೊ ಒಳಗೆ ಬಂದ. ಕರಪತ್ರ ಅವನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಗಂಚೊ: ಕಲೋಯಾನಣ್ಣ, ಇವತ್ತೇ ಆ ಪಟ ಇಳಿಸ್ಬೇಕು! ನಮಸ್ಕಾರ, ಟೀಚರ್. ಅದು ನಾನಲ್ಲ ಅಂತ ನೀವು ಬರೆದು ಕೊಡ್ಬೇಕು.

ವೆಲಿಚ್ಕಾ: ಮೊದಲು ಕಾಲು ಒರೆಸ್ಕೋ.

ಗಂಚೊ: (ಒರೆಸಿಕೊಂಡು) ಟೀಚರ್, ನನ್ನ ಪಾಡು ಯಾರಿಗೂ ಬೇಡ. ರಾಜಧಾನಿ ಸೋಫಿಯಾದಿಂದ ಹಾರುವ ತಟ್ಟೆ ಸಂಘದವರು ಒಂದು ವ್ಯಾನ್ ತುಂಬ ಬಂದಿದಾರೆ. ಬೆನ್ನ ಮೇಲಿನ ಗುರುತು ನೋಡಿ, ಅನ್ಯಗ್ರಹದವರು ಮೇಯರನ್ನ ಎತ್ಕೊಂಡು ಹೋಗಿ, ಪರೀಕ್ಷೆ ಮಾಡಿ, ವಾಪಸ್ ತಂದು ಬಿಟ್ಟಿದಾರೆ ಅಂತಿದಾರೆ!

ವೆಲಿಚ್ಕಾ: ನೋಡಿದ್ಯಾ, ಅವರಿಗೂ ಬೇಡವಾದೆ.

ಕಲೋಯಾನ್: ಗಂಚೊ, ಅವರು ಬೆಳಕಿನ ಬಗ್ಗೆ ಏನಂದ್ರು?

ಗಂಚೊ: ಯಾವ ಬೆಳಕು?

ಕಲೋಯಾನ್: ಹಾರುವ ತಟ್ಟೆ ಸಂಘದವರೂ ಬೆನ್ನೇ ನೋಡಿದ್ರಾ!

ಪಾಪ, ಕಲೋಯಾನ್ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದ. ಮೇಯರನ ಜೇಬಿನಲ್ಲಿ ಫೋನ್ ರಿಂಗಾಯಿತು. ಅವನ ಪ್ರಚಾರ ನೋಡಿಕೊಳ್ಳುವವನು ಆ ಕಡೆ ಎಷ್ಟು ಜೋರಾಗಿ ಮಾತಾಡುತ್ತಿದ್ದನೆಂದರೆ ನನ್ನ ಗಿರಾಕಿಯ ಗಡ್ಡದ ನೊರೆ ಕೂಡ ಕೇಳಿಸಿಕೊಂಡಿತು.

ಗಂಚೊ: (ಫೋನಿನಲ್ಲಿ) ಏನು?... ಮಾರ್ಕೆಟ್ಟಿನ ಹೆಂಗಸರಾ?... ‘ಏನನ್ನೂ ಮುಚ್ಚಿಡದ ನಾಯಕ’ ಅಂತಾನಾ?... ಪಿಂಚಣಿದಾರರು? ಮಾರ್ಚಿನಲ್ಲಿ ನದಿಗಿಳಿಯೋನು ಅವಧಿ ಮುಗಿಯೋ ತನಕ ಬದುಕ್ತಾನೆ, ಇನ್ನೊಂದು ಚುನಾವಣೆ ಖರ್ಚು ಉಳಿಯತ್ತೆ ಅಂದ್ರಾ?... ಸರಿ. ಸರಿ ಸರಿ.

ಅವನು ಫೋನ್ ಇಟ್ಟ. ಮುದ್ದೆಯಾಗಿದ್ದ ಕರಪತ್ರವನ್ನು ಮೊಣಕಾಲ ಮೇಲೆ ಹರಡಿ, ಅಂಗೈಯಿಂದ ಮೆಲ್ಲಗೆ ಸುಕ್ಕು ತೀಡಿದ.

ಗಂಚೊ: ಕಲೋಯಾನಣ್ಣ, ಯೋಚನೆ ಮಾಡಿದ್ರೆ... ಅದು ನಾನೇ.

ಕಲೋಯಾನ್: ಏನು?

ಗಂಚೊ: ಬೆಳಗಿನ ಜಾವ, ಜನರ ಕಷ್ಟ ನೆನೆಸ್ಕೊಂಡು, ಮನಸ್ಸು ತಡೀದೆ ನೀರಿಗಿಳಿದಿದ್ದೆ. ನೀವು ಹಿಂದಿನಿಂದ ಪಟ ತೆಗೆದಿದೀರ. ಅದು ನಾನೇ ಅಂತ ಬರೆದು ಕೊಡಿ, ಅಷ್ಟು ಸಾಕು.

ಕಲೋಯಾನ್: ಸಾಧ್ಯವೇ ಇಲ್ಲ!

ಗಂಚೊ: ಯಾಕಣ್ಣ, ಯಾರದೋ ಬೆನ್ನು, ನಿಮಗೇನು ನಷ್ಟ?

ಕಲೋಯಾನ್: ಯಾರದೋ ಅಲ್ಲಯ್ಯ, ಅದು ನಂದು! ಕ್ಯಾಮೆರಾಗೆ ಟೈಮರ್ ಇಟ್ಟು ನಾನೇ ಇಳಿದಿದ್ದೆ! ಅದು ನನ್ನ ಬೆನ್ನು!

ನನ್ನ ಅಂಗಡಿಯಲ್ಲಿ ಕತ್ತರಿ ನಿಂತಿತು. ನಾವೆಲ್ಲ ಎದ್ದು, ಹೊರಗೆ ಹೋಗಿ, ಸ್ಟುಡಿಯೋದ ಬೀದಿ ಕಡೆಯ ಕಿಟಕಿಗೆ ಮುಖ ಒತ್ತಿದೆವು. ವೆಲಿಚ್ಕಾ ಮಾತ್ರ ಇನ್ನೊಂದು ಮೆಣಸಿನಕಾಯಿ ಕೈಗೆತ್ತಿಕೊಂಡಳು.

ವೆಲಿಚ್ಕಾ: ನಿನ್ನ ಬೆನ್ನು ಅಷ್ಟು ನೆಟ್ಟಗಿಲ್ಲ.

ಕಲೋಯಾನ್: ಇದೆ! ಆ ಬೆಳಕಿನ ಮುಂದೆ ನೆಟ್ಟಗಾಗಿತ್ತು!

ಗಂಚೊ: ಅಣ್ಣ, ಬೇಜಾರು ಮಾಡ್ಕೋಬೇಡಿ. ಕಲಾವಿದರಿಗೆ ಹೀಗೆ ಭ್ರಮೆ ಆಗತ್ತೆ. ನನ್ನ ಭುಜ ನೋಡಿ, ಪಟದಲ್ಲಿರೋದೂ ಇದೇ ಅಲ್ವಾ?

ಕಲೋಯಾನ್: ಹಾಗಾದ್ರೆ ಅಂಗಿ ಬಿಚ್ಚು! ನಾನೂ ಬಿಚ್ತೀನಿ. ವೆಲಿಚ್ಕಾ ನೋಡಿ ಹೇಳಲಿ.

ಇಬ್ಬರೂ ಅಂಗಿ ಕಳಚಿ, ಪಾಸ್‌ಪೋರ್ಟ್ ಪಟಕ್ಕೆಂದು ಇಳಿಬಿಟ್ಟಿದ್ದ ಬಿಳಿ ಪರದೆಗೆ ಮುಖ ಮಾಡಿ ನಿಂತರು. ಒಂದು ಬೆನ್ನು ಒಣಗಿದ ಮೀನಿನ ಹಾಗಿತ್ತು, ಇನ್ನೊಂದು ಉಬ್ಬಿದ ರೊಟ್ಟಿಯ ಹಾಗಿತ್ತು. ವೆಲಿಚ್ಕಾ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವವಳ ಮುಖ ಮಾಡಿ ಹತ್ತಿರ ಬಂದಳು. ಅದೇ ಹೊತ್ತಿಗೆ ತೋತ್ಕಾ ಅಜ್ಜಿ, ಗುರುತಿನ ಚೀಟಿಗೆ ಪಟ ತೆಗೆಸಬೇಕೆಂದು, ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು ಒಳಗೆ ಕಾಲಿಟ್ಟಳು. ಸ್ವಲ್ಪ ಹೊತ್ತು ನೋಡಿದಳು.

ತೋತ್ಕಾ ಅಜ್ಜಿ: ನಂಗೆ ಮುಖ ಒಂದೇ ಸಾಕಲ್ವೇನಮ್ಮ ವೆಲಿಚ್ಕಾ?

ವೆಲಿಚ್ಕಾ: ಮುಖ ಸಾಕಜ್ಜಿ. ನಾಳೆ ಬನ್ನಿ. ಇವತ್ತು ಬೆನ್ನುಗಳ ದಿನ.

ಅಜ್ಜಿ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

ಗಂಚೊ: ಟೀಚರ್, ಬೇಗ ಹೇಳಿ, ಚಳಿ ಆಗ್ತಿದೆ.

ವೆಲಿಚ್ಕಾ: ಮಾರ್ಚಿನ ಡ್ಯಾನ್ಯೂಬಲ್ಲಿ ಆಗದ ಚಳಿ ಸೆಪ್ಟೆಂಬರಿನ ಸ್ಟುಡಿಯೋಲಿ ಆಗ್ತಿದ್ಯಾ?

ಗಂಚೊ: (ಎದೆ ಉಬ್ಬಿಸಿ) ಇಲ್ಲ, ಆಗ್ತಿಲ್ಲ.

ವೆಲಿಚ್ಕಾ ಗಂಡನ ಬೆನ್ನಿನ ಎದುರು ತುಂಬ ಹೊತ್ತು ನಿಂತಳು. ಆಮೇಲೆ ಕನ್ನಡಕ ತೆಗೆದಳು.

ವೆಲಿಚ್ಕಾ: ಪಟದಲ್ಲಿರೋದು ಗಂಚೊ.

ಕಲೋಯಾನ್: ವೆಲಿಚ್ಕಾ!

ವೆಲಿಚ್ಕಾ: ತೀರ್ಪು ಆಯ್ತು. ಅಂಗಿ ಹಾಕ್ಕೊಳ್ಳಿ ಇಬ್ಬರೂ.

ಮೇಯರ್ ಅವಳ ಕೈಗೆ ಮುತ್ತಿಟ್ಟು, ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡೇ ಓಡಿದ. ಸುದ್ದಿ ಮೊದಲು ಮುಟ್ಟಿಸಬೇಕೆಂದು ಅಜ್ಜಿ ಅವನ ಹಿಂದೆಯೇ ಓಡಿದಳು. ಕಲೋಯಾನ್ ಅಂಗಿ ಹಾಕಿಕೊಳ್ಳದೆ ಸ್ಟೂಲಿನ ಮೇಲೆ ಕೂತ. ಅವನ ಮುಖ ನೋಡಿ ನನಗೇ ಕಿಟಕಿಯಿಂದ ಸರಿಯೋಣ ಅನ್ನಿಸಿತು. ಸರಿಯಲಿಲ್ಲ, ಅದು ಬೇರೆ ಮಾತು.

ಕಲೋಯಾನ್: ನಿಂಗೆ ನಿಜವಾಗಿಯೂ ಗೊತ್ತಾಗ್ಲಿಲ್ವಾ?

ವೆಲಿಚ್ಕಾ: ಬೆನ್ನ ಮೇಲಿನ ದುಂಡು ಗುರುತು ಯಾರು ಮಾಡಿದ್ದೋ ಪೆದ್ದ? ಎದೇಲಿ ಕಫ ಕಟ್ಟಿದೆ ಅಂತ ಹಿಂದಿನ ಸಂಜೆ ಬಿಸಿ ಗಾಜಿನ ಬಟ್ಟಲು ಕವುಚಿ ಕೂರಿಸಿದೋಳು ನಾನು. ಎಡಗಡೆ ಸಾಲು ಸೊಟ್ಟ, ನಾನು ಹಾಕಿದ್ರೆ ಯಾವಾಗ್ಲೂ ಸೊಟ್ಟಾನೇ. ಪ್ರದರ್ಶನದ ಮೊದಲನೇ ದಿನಾನೇ ಗೊತ್ತಾಯ್ತು.

ಕಲೋಯಾನ್: ಮತ್ತೆ ಯಾಕೆ...

ವೆಲಿಚ್ಕಾ: ಯಾಕೆ ಅಂತ ಬೇರೆ ಕೇಳ್ತೀಯಾ? ಕಂಬಳಿ ಹೊದಿಸಿ, ಲಿಂಡನ್ ಹೂವಿನ ಕಷಾಯ ಕುಡಿಸಿ ಮಲಗಿಸಿದ್ರೆ, ಬೆಳಗಾಗೋ ಮುಂಚೆ ಎದ್ದು ಹೋಗಿ ಐಸ್ ತರ ನೀರಿಗಿಳಿದಿದೀಯ! ನೀನಾಗೇ ಬಾಯಿ ಬಿಡ್ತೀಯ ಅಂತ ಕಾದೆ. ಬಿಡ್ಲಿಲ್ಲ. ಬಿಟ್ಟೋನು ಗಂಚೊ ಮುಂದೆ ಬಿಟ್ಟೆ.

ಕಲೋಯಾನ್: ಹೇಳಿದ್ರೆ ಬೈತಿದ್ದೆ.

ವೆಲಿಚ್ಕಾ: ಬೈತಿದ್ದೆ. ಬೈದು ಟವೆಲ್ ತರ್ತಿದ್ದೆ. ಯಾಕೋ ಬಟ್ಟೆ ಬಿಚ್ಚಿದೆ?

ಕಲೋಯಾನ್: ಗೊತ್ತಿಲ್ಲ. ಮೀನು ಹಿಡಿಯೋರ ಪಟ ತೆಗೆಯಣ ಅಂತ ಹೋದೋನು. ಯಾರೂ ಇರ್ಲಿಲ್ಲ. ನೀರಿನ ಮೇಲೆ ಅದು ನಿಂತಿತ್ತು. ಸದ್ದಿಲ್ಲ. ಅದನ್ನ ನೋಡ್ತಾ ನೋಡ್ತಾ ಈ ಕೋಟು, ಈ ಟೋಪಿ ಎಲ್ಲ ಹಾಕ್ಕೊಂಡು ಅದರ ಮುಂದೆ ನಿಲ್ಲೋದು ಸರಿಯಲ್ಲ ಅನ್ನಿಸ್ತು. ನಗ್ಬೇಡ.

ವೆಲಿಚ್ಕಾ ನಗಲಿಲ್ಲ. ನೆಲದ ಮೇಲಿದ್ದ ಅಂಗಿ ಎತ್ತಿ ಅವನ ಹೆಗಲ ಮೇಲೆ ಹಾಕಿದಳು.

ವೆಲಿಚ್ಕಾ: ಏನದು ಅಂತ ನಿಂಗೇನನ್ಸತ್ತೆ?

ಕಲೋಯಾನ್: ಅಬ್ಬಾ! ಕೇಳಿದ್ಯಲ್ಲ ಕೊನೆಗೂ. ನಂಗೂ ಗೊತ್ತಿಲ್ಲ ವೆಲಿಚ್ಕಾ.

ಅಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಮುಂದಿನ ಭಾನುವಾರ ಚೌಕದ ಸಭೆಯಲ್ಲಿ ಗಂಚೊ ಆ ಪಟವನ್ನು ತನ್ನ ಹಿಂದೆ ನಿಲ್ಲಿಸಿಕೊಂಡು, ‘ಈ ಬೆನ್ನು ನಿಮ್ಮ ಸೇವೆಗೆ’ ಎಂದು ಭಾಷಣ ಮಾಡುತ್ತಿದ್ದಾಗ, ರುಸಾಲಿಯಾ ಗುಂಪಿನ ನಡುವಿನಿಂದ ಕೂಗಿದಳು.

ರುಸಾಲಿಯಾ: ಬೆನ್ನು ನಿನ್ನದೇ ಇರಲಿ, ಮೇಲಿರೋ ಬೆಳಕು ಏನು? ನೀನು ಅಲ್ಲೇ ಇದ್ಯಲ್ಲ, ಹೇಳು!

ಊರಿಗೆ ಊರೇ ಮೊದಲ ಸಲ ತಲೆಯೆತ್ತಿ ಪಟದ ಮೇಲ್ಭಾಗ ನೋಡಿತು. ಕಲೋಯಾನನ ಕಣ್ಣಲ್ಲಿ ನೀರು ಬಂತು. ಗಂಚೊನ ಹಣೆಯ ಮೇಲೂ ನೀರು, ಅದು ಬೆವರು.

ಗಂಚೊ: ಅದು... ಅದು ನಮ್ಮ ನಗರಸಭೆಯ ಹೊಸ ಬೀದಿದೀಪ ಯೋಜನೆ! ನದಿ ಮೇಲೆ ಪರೀಕ್ಷೆ ಮಾಡಿ ನೋಡಿದ್ವಿ. ಕಂಬ ಬೇಡ, ತಂತಿ ಬೇಡ. ಗೆಲ್ಲಿಸಿದ್ರೆ ಪ್ರತಿ ಬೀದಿಗೂ ಒಂದೊಂದು!

ಗಂಚೊ ಭಾರಿ ಮತಗಳ ಅಂತರದಿಂದ ಗೆದ್ದ. ಗೆದ್ದ ಮರುದಿನದಿಂದ ಕೆಳಗಿನ ಕೇರಿಯವರು ದಿನಾ ಬೆಳಿಗ್ಗೆ ಬಂದು ನಗರಸಭೆಯ ಮೆಟ್ಟಿಲ ಮೇಲೆ ಕೂರತೊಡಗಿದರು. ನಮ್ಮ ಬೀದಿ ಕತ್ತಲಲ್ಲಿದೆ, ಯಾರೂ ಓಡಾಡದ ನದಿಗೆ ಯಾಕೆ ದೀಪ ಎಂದು ಅವರ ತಕರಾರು. ಮೇಲಿನ ಕೇರಿಯವರಿಗೆ ಎರಡು ಬೇಕು, ಏಕೆಂದರೆ ಅವರ ಬೀದಿಗೆ ತಿರುವಿದೆ. ಕೊನೆಗೆ ಗಂಚೊ ಹಿಂದಿನ ಬಾಗಿಲಿನಿಂದ ತಪ್ಪಿಸಿಕೊಂಡು ಸ್ಟುಡಿಯೋಗೆ ಬಂದ. ಈ ಸಲ ಹೇಳಿಸಿಕೊಳ್ಳದೆ ತಾನೇ ಕಾಲು ಒರೆಸಿಕೊಂಡ.

ಗಂಚೊ: ಕಲೋಯಾನಣ್ಣ, ನಿಜ ಹೇಳಿ. ಅದು ಎಲ್ಲಿ ಸಿಗತ್ತೆ?

ಕಲೋಯಾನ್: ಬೆಳಗಿನ ಜಾವ ನದಿಗೆ ಹೋಗಿ, ಬಟ್ಟೆ ಬಿಚ್ಚಿ ನೀರಿಗಿಳಿ. ಬಂದ್ರೆ ಬರತ್ತೆ.

ಗಂಚೊ: ಬಟ್ಟೆ ಬಿಚ್ಚಲೇಬೇಕಾ?

ವೆಲಿಚ್ಕಾ: ಬಿಚ್ಚಿದೀನಿ ಅಂತ ಊರಿಗೆಲ್ಲ ಹೇಳಿದೋನು ನೀನೇ ಅಲ್ವಾ?

ಹೀಗಾಗಿ ನವೆಂಬರಿನ ಒಂದು ಮುಂಜಾನೆ ನಾವು ನಾಲ್ವರು ನದಿಗೆ ಬಂದಿದ್ದೆವು. ನಾನು ಕಾಫಿಯ ಫ್ಲಾಸ್ಕ್ ಹಿಡಿದಿದ್ದೆ. ವೆಲಿಚ್ಕಾ ಕೋಟಿನ ಮೇಲೊಂದು ಕೋಟು ಹಾಕಿಕೊಂಡು, ಗಂಡನ ಕ್ಯಾಮೆರಾವನ್ನೂ ಗಂಡನ ತೋಳನ್ನೂ ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಮೇಯರ್ ಒಬ್ಬನೇ ಎದೆಯ ಮಟ್ಟದ ನೀರಿನಲ್ಲಿ ಹಲ್ಲು ಕಟಕಟಿಸುತ್ತ ನಿಂತಿದ್ದ. ನದಿಯ ಮೇಲೆ ಮಂಜು. ಮನೆಗೆ ಹೋಗೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಂಜು ಒಳಗಿನಿಂದಲೇ ಹೊತ್ತಿಕೊಂಡಂತೆ ಬೆಳಗಿತು. ಸದ್ದಿಲ್ಲದೆ, ದುಂಡಗೆ, ಅದು ಅಲ್ಲಿತ್ತು. ನನ್ನ ಕೈಯಿಂದ ಫ್ಲಾಸ್ಕ್ ಬಿತ್ತು. ಕಲೋಯಾನ್ ಕ್ಯಾಮೆರಾ ಕೇಳಲೇ ಇಲ್ಲ. ಹೆಂಡತಿಯ ಕೈ ಹಿಡಿದು, ಬಾಯಿ ತೆರೆದು ನಿಂತುಬಿಟ್ಟ.

ಗಂಚೊ: (ನೀರಿನಿಂದ ಕಿರುಚುತ್ತ) ಟೀಚರ್! ಬಂತು! ನನ್ನ ಕಡೆಗೇ ಇಳಿದು ಬರ್ತಿದೆ! ಏನ್ಮಾಡ್ಲಿ, ಟೀಚರ್?

ವೆಲಿಚ್ಕಾ: ಹೆದರ್ಬೇಡ, ನಿಂತ್ಕೋ! ಯಾವ ಬೀದಿಗೆ ಹೋಗ್ಬೇಕು ಅಂತ ಅದಕ್ಕೆ ವಿಳಾಸ ಹೇಳು!